ರಾಂಪರ್ ಎಂಬ ಮಾತು

ಉಡುವ ಬಟ್ಟೆಯ ನೂಲು, ಬಣ್ಣ, ಬೆಲೆಗಳನ್ನು ವಿಚಾರಿಸದೆ ಕೊಳ್ಳುವ ಗೃಹಸ್ಥರಿಲ್ಲ. ಆದರೆ ಅದರ ಹೆಸರನ್ನು ವಿಚಾರಿಸುವವರು ತೀರ ವಿರಳ. ಪಾಯಿಜಾಮವನ್ನು ತೊಟ್ಟು ಮಲಗುವವರಲ್ಲಿ ಎಷ್ಟು ಮಂದಿ ಅದು ‘ಕಾಲಿನ ಉಡುಪು’ ಎಂಬರ್ಥದ ಪಾರಸಿಯ ಮಾತೆಂದು ಬಲ್ಲರು? ಎಳೆಯ ಕೂಸಿನ ತಲೆಗೆ ಕಟ್ಟುವ ಕುಲಾವಿಯೂ ಟೊಪ್ಪಿಗೆಯನ್ನು ಹೇಳುವ ಪಾರಸಿಯ ಮಾತಿನಿಂದಲೇ ನಮ್ಮ ತೊಟ್ಟಿಲಿಗೆ ಬಂದದ್ದು. ಬಟ್ಟೆ ಹಳತಾದರೆ ಒರೆಸುವ ಅರಿವೆಯಾಗಿ ಮುಗಿದುಹೋಗುತ್ತದೆ. ಹೆಸರು ಹಾಗೆ ಸವೆಯುವುದಿಲ್ಲ. ಅದನ್ನು ಬಿಚ್ಚಿ ನೋಡಿದರೆ ಆ ಉಡುಪನ್ನು ಮೊದಲು ಹೊಲಿದವರು ಏನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆಂಬುದು ಎಷ್ಟೋ ವೇಳೆ ಒಳಮಡಿಕೆಯಲ್ಲಿ ಸಿಕ್ಕುತ್ತದೆ. ಈ ಸಲ ವಾಚಕರ ಮುಂದೆ ನಾವು ಬಿಚ್ಚಬೇಕೆಂದಿರುವುದು ಇಂಥ ಒಂದು ಹೆಸರನ್ನು: ‘ರಾಂಪರ್’.

ಅಂಗಿಯೂ ಚಡ್ಡಿಯೂ ಬೇರೆಬೇರೆಯಾಗದೆ, ಒಂದೇ ತುಂಡಾಗಿ, ಕಾಲಿಗೆ ಎರಡು ತೋಳಿಗೆ ಎರಡು ದಾರಿಗಳನ್ನಿಟ್ಟು ಹೊಲಿದ ಮಕ್ಕಳ ಆಟದ ಉಡುಪಿಗೆ ಈ ಹೆಸರು. ನಮ್ಮ ಊರುಗಳ ಬಟ್ಟೆಯಂಗಡಿಗಳಲ್ಲಿ ಈಗ ಇದು ಬೇಕಾದಷ್ಟು ದೊರೆಯುತ್ತದೆ. ನಮ್ಮ ಮನೆಗೂ ಬಂದಿದೆ. ಅಂಬೆಗಾಲಿಡುತ್ತಿರುವ ನಮ್ಮ ಮೊಮ್ಮಗಳಿಗೆಂದು ಸೊಸೆ ಮೂರನ್ನು ತಂದಳು. ನಮ್ಮ ಮನೆಯವರು ಅದನ್ನು ಎತ್ತಿ ಹಿಡಿದು ನೋಡಿ, “ಹೆಣ್ಣುಕೂಸಿಗೆ ಇದೇನಮ್ಮ? ಲಂಗ ಹಾಕಿದರೆ ಎಷ್ಟು ಲಕ್ಷಣವಾಗಿರುತ್ತದೆ!” ಎಂದರು. ಸೊಸೆ, “ಅತ್ತೆ, ಲಂಗ ಮೊಣಕಾಲಿಗೆ ಸಿಕ್ಕಿಕೊಳ್ಳುತ್ತದೆ, ಮಗು ಮುಗ್ಗರಿಸುತ್ತಾಳೆ” ಎಂದಳು. ಇಬ್ಬರೂ ನಮ್ಮ ಕಡೆಗೆ ತಿರುಗಿದರು. “ನೀವೇ ಹೇಳಿ, ಮಾವ, ರಾಂಪರ್ ಎಂದರೆ ಏನರ್ಥ?” ಎಂದು ಸೊಸೆ ಕೇಳಿದಳು. ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವರಿಗೆ ಇಂಥ ಪ್ರಶ್ನೆ ಬಂದರೆ ಉತ್ತರ ಒಂದು ಮಾತಿನಲ್ಲಿ ಮುಗಿಯುವುದುಂಟೆ? ಮನೆಯಲ್ಲಿ ಅರ್ಧ ಹೇಳಿದೆವು. ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕನ್ನಡದ ಕಿವಿಗೆ ಈ ಹೆಸರು ಬಿದ್ದೊಡನೆ ‘ರಂಪ’ ನೆನಪಾಗದಿರದು. ರಂಪಾಟ ಮಾಡುವ ಕೂಸಿನ ಅಂಗಿ ರಾಂಪರ್ ಎಂದು ನಮ್ಮ ಮನೆಯವರೇ ನಕ್ಕರು. ನಗುವುದಕ್ಕೆ ಇದು ಚೆನ್ನಾಗಿದೆ. ಆದರೆ ಸದ್ದಿನ ಹೋಲಿಕೆ ನಂಟಿಗೆ ಸಾಕ್ಷಿಯಲ್ಲ. ಒಂದೇ ಬಣ್ಣದ ಅಂಗಿ ತೊಟ್ಟವರೆಲ್ಲ ಒಂದೇ ಮನೆಯವರಾಗುವುದಿಲ್ಲವಷ್ಟೆ. ಇಂಗ್ಲಿಷಿನ ‘ರಾಂಪ್’ ಎಂಬ ಕ್ರಿಯಾಪದಕ್ಕೆ ಕುಣಿದಾಡು, ನೆಗೆದಾಡು, ಗದ್ದಲವೆಬ್ಬಿಸುತ್ತ ಆಡು ಎಂದರ್ಥ. ಇದರ ಹಿಂದೆ ಹತ್ತುವುದು, ತೆವಳುವುದು ಎಂಬರ್ಥದ ಹಳೆಯ ಫ್ರೆಂಚ್ ಧಾತುವಿದ್ದಿರಬೇಕೆಂದು ನಿಘಂಟುಕಾರರ ಊಹೆ. ಅದೇ ಧಾತುವಿನಿಂದ ಬಂದ ಇನ್ನೊಂದು ಮಾತಿನಿಂದ ಐರೋಪ್ಯರ ರಾಜಲಾಂಛನಗಳಲ್ಲಿ ಹಿಂಗಾಲ ಮೇಲೆ ನಿಂತು ಮುಂಗಾಲೆತ್ತಿದ ಸಿಂಹವನ್ನು ಹೆಸರಿಸುತ್ತಾರೆ. ಬೇಲೂರಿನಲ್ಲಿ ಸಳನ ಮೇಲೆ ಎರಗುವ ಸಿಂಹವನ್ನು ಕಂಡವರಿಗೆ ಆ ನಿಲುವನ್ನು ವರ್ಣಿಸಬೇಕಾದುದಿಲ್ಲ. ತೆವಳುವುದು, ಹತ್ತುವುದು, ಎದ್ದು ನಿಲ್ಲುವುದು, ನೆಗೆಯುವುದು: ಒಂದು ವರ್ಷದ ಕೂಸಿನ ದಿನಚರಿಯೆಲ್ಲ ಈ ಒಂದು ಧಾತುವಿನಲ್ಲಿ ಅಡಗಿದೆಯೆನ್ನಬಹುದು.

ಇನ್ನು ಪ್ರತ್ಯಯ. ಸಂಸ್ಕೃತದಲ್ಲಿ ಮಾಡುವವನನ್ನು ಹೇಳುವುದಕ್ಕೆ ಧಾತುವಿನ ಮೇಲೆ ಪಾಣಿನಿಯು ಣ್ವುಲ್, ತೃಚ್ ಎಂಬ ಪ್ರತ್ಯಯಗಳನ್ನು ವಿಧಿಸಿದ್ದಾನೆ. ಪಠಿಸುವವನು ಪಾಠಕ, ನರ್ತಿಸುವವನು ನರ್ತಕ. ಇಂಗ್ಲಿಷಿನ ಕೊನೆಯ ‘ಅರ್’ ಆ ಕೆಲಸವನ್ನೇ ಮಾಡುತ್ತದೆ. ಆದುದರಿಂದ ರಾಂಪರ್ ಎಂದರೆ ನ್ಯಾಯವಾಗಿ ಉಡುಪಲ್ಲ, ಕುಣಿದಾಡುವವನು, ಕುಣಿದಾಡುವವಳು. 19ನೆಯ ಶತಮಾನದಲ್ಲಿ ಇಂಗ್ಲಿಷರು ಈ ಮಾತನ್ನು ಆ ಅರ್ಥದಲ್ಲಿಯೇ ಬಳಸುತ್ತಿದ್ದರು. 20ನೆಯ ಶತಮಾನದ ಆದಿಭಾಗದಲ್ಲಿ ಅಮೆರಿಕದಲ್ಲಿ ಅದು ಮಗುವಿನಿಂದ ಜಾರಿ ಮಗುವಿನ ಬಟ್ಟೆಗೆ ಅಂಟಿಕೊಂಡಿತು. ‘ಮಂಚಗಳು ಕೂಗುತ್ತಿವೆ’ ಎಂದರೆ ಮಂಚದ ಮೇಲಿರುವವರು ಕೂಗುತ್ತಿದ್ದಾರೆಂದು ತಿಳಿಯಬೇಕೆಂಬುದು ಲಕ್ಷಣಾವೃತ್ತಿಗೆ ನಮ್ಮ ಶಾಸ್ತ್ರಜ್ಞರು ಕೊಡುವ ಉದಾಹರಣೆ. ಅಲ್ಲಿ ಆಧಾರದ ಹೆಸರು ಅದರ ಮೇಲಿರುವವರಿಗೆ ಬಂತು; ಇಲ್ಲಿ ಒಳಗಿರುವವರ ಹೆಸರು ಹೊರಗಿನ ಬಟ್ಟೆಗೆ ಬಂತು. ಕೆಸರಿನಲ್ಲಿ ಹುಟ್ಟುವುದೆಲ್ಲ ಪಂಕಜವೇ ಆದರೂ ತಾವರೆಯೊಂದಕ್ಕೆ ಆ ಹೆಸರು ಹೇಗೆ ನಿಂತಿತೋ, ಹಾಗೆಯೇ ಕುಣಿಯುವವರೆಲ್ಲ ರಾಂಪರುಗಳಾದರೂ ಈಗ ಆ ಹೆಸರು ಈ ಅಂಗಿಯೊಂದಕ್ಕೆ ರೂಢವಾಗಿದೆ.

ಇಷ್ಟು ವ್ಯಾಕರಣವಾಯಿತು. ಗೃಹಸ್ಥರಿಗೆ ಇದಕ್ಕಿಂತ ಮುಖ್ಯವಾದ ವಿಷಯ ಬೇರೊಂದಿದೆ. ಸಾಮ್ಯುಯಲ್ ಜಾನ್ಸನ್ ಎಂಬ ಪಂಡಿತನು 1755ರಲ್ಲಿ ಪ್ರಕಟಿಸಿದ ಇಂಗ್ಲಿಷ್ ನಿಘಂಟಿನಲ್ಲಿ ‘ರಾಂಪ್’ ಎಂಬುದು ನಾಮಪದವಾಗಿಯೂ ಇದೆ. ಅದಕ್ಕೆ ಅವನು ಕೊಟ್ಟಿರುವ ಮೊದಲನೆಯ ಅರ್ಥ ಆಟವಲ್ಲ, ಉಡುಪಂತೂ ಅಲ್ಲ. ಒರಟಾದ, ಗದ್ದಲಗಾತಿಯಾದ, ನಯವಿನಯಗಳನ್ನು ಕಲಿಯದ ಹುಡುಗಿ. ಕನ್ನಡದಲ್ಲಿ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಗಂಡುಬೀರಿ. ಆ ಶತಮಾನದ ಕೊನೆಗೆ ಲಂಡನ್ನಿನ ರಂಗಭೂಮಿಯಲ್ಲಿ ‘ದಿ ರಾಂಪ್’ ಎಂಬ ಹೆಸರಿನ ನಗೆನಾಟಕವೇ ಜನಪ್ರಿಯವಾಗಿತ್ತು. ಅದರಲ್ಲಿ ಅಂಥ ಹುಡುಗಿಯ ಪಾತ್ರವನ್ನು ವಹಿಸಿ ಡರತಿ ಜೋರ್ಡನ್ ಎಂಬ ನಟಿ ಹೆಸರು ಗಳಿಸಿದಳು. ಗಂಡುಹುಡುಗನು ಮರ ಹತ್ತಿದರೆ ಅದು ಆಟ. ಹೆಣ್ಣುಹುಡುಗಿ ಹತ್ತಿದರೆ ಅದಕ್ಕೊಂದು ಬೈಗುಳ ಬೇಕು. ಈ ವಿಷಯದಲ್ಲಿ ಲಂಡನ್ನಿಗೂ ನಮ್ಮ ಹಳ್ಳಿಗಳಿಗೂ ಹೆಚ್ಚಿನ ದೂರವಿರಲಿಲ್ಲ.

ಅಂದಿನ ಐರೋಪ್ಯರಲ್ಲಿಯೂ ಅಮೆರಿಕನ್ನರಲ್ಲಿಯೂ ಎಳೆಯ ಮಕ್ಕಳ ಉಡುಗೆ ಹೇಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಗಂಡಾಗಲಿ ಹೆಣ್ಣಾಗಲಿ ಕೂಸುಗಳಿಗೆ ಉದ್ದನೆಯ ಗೌನನ್ನೇ ತೊಡಿಸುತ್ತಿದ್ದರು. ಮುಂದೆ ಅಮೆರಿಕದ ಅಧ್ಯಕ್ಷನಾದ ಫ್ರಾಂಕ್ಲಿನ್ ರೂಸ್‌ವೆಲ್ಟನದು 1884ರಲ್ಲಿ ತೆಗೆದ ಭಾವಚಿತ್ರವೊಂದಿದೆ. ಎರಡೂವರೆ ವರ್ಷದ ಆ ಹುಡುಗ ಬಿಳಿಯ ಗೌನು ತೊಟ್ಟು, ನೀಳಗೂದಲು ಇಳಿಬಿಟ್ಟು, ಹೆಣ್ಣುಮಗುವಿನಂತೆ ಕುಳಿತಿದ್ದಾನೆ. ಹುಡುಗನಿಗೆ ನಾಲ್ಕರಿಂದ ಏಳು ವರ್ಷದೊಳಗೆ ಮೊದಲ ಬಾರಿ ಷರಾಯಿ ತೊಡಿಸುವುದು ಮನೆಯಲ್ಲಿ ಒಂದು ಸಣ್ಣ ಸಂಸ್ಕಾರವೇ ಆಗಿತ್ತು. ಹುಡುಗಿಗೆ ಆ ದಿನ ಬರಲೇ ಇಲ್ಲ. ಗೌನಿನಿಂದ ಅವನು ಹೊರಬಂದ; ಅವಳು ಇನ್ನೂ ಉದ್ದನೆಯ ಗೌನಿಗೆ ಹೋದಳು.

ಅಷ್ಟರಲ್ಲಿ ಶಿಶುಗಳ ವಿಷಯದಲ್ಲಿ ತಿಳಿವಳಿಕೆ ಬದಲಾಗುತ್ತಿದ್ದಿತು. ಆಟವೇ ಎಳೆಯ ಮಗುವಿನ ವಿದ್ಯೆಯೆಂದು ಸಾರಿದ ಜರ್ಮನಿಯ ಫ್ರೋಬೆಲ್ ತನ್ನ ಶಾಲೆಗೆ 1840ರಲ್ಲಿ ‘ಮಕ್ಕಳ ತೋಟ’ ಎಂದು ಹೆಸರಿಟ್ಟಿದ್ದನು. 1907ರಲ್ಲಿ ರೋಮಿನಲ್ಲಿ ಮಾಂಟಿಸೋರಿಯವರು ತಮ್ಮ ಮೊದಲನೆಯ ಶಿಶುಗೃಹವನ್ನು ತೆರೆದು, ಮಗು ತಾನಾಗಿ ಚಲಿಸಿ ತಾನಾಗಿ ಕಲಿಯಬೇಕೆಂದು ತೋರಿಸಿದರು. ಅವರೇ 1939ರಲ್ಲಿ ಮದರಾಸಿಗೆ ಬಂದು ನಮ್ಮ ದೇಶದ ಉಪಾಧ್ಯಾಯರಿಗೂ ಆ ಕ್ರಮವನ್ನು ಕಲಿಸಿದರು. ಮಗು ಚಲಿಸಬೇಕಾದರೆ ಬಟ್ಟೆ ಬಿಡಬೇಕು. ಅಮೆರಿಕದಲ್ಲಿ ರಾಂಪರ್ ಹರಡಿದ್ದು ಈ ಕಾಲದಲ್ಲಿಯೇ. ಅದನ್ನು ಗಂಡುಕೂಸಿಗೂ ಹೆಣ್ಣುಕೂಸಿಗೂ ಭೇದವಿಲ್ಲದೆ ತೊಡಿಸಿದರು. ಒಂದು ಕಾಲದಲ್ಲಿ ಹುಡುಗಿಯನ್ನು ಗದರಿಸುವ ಮಾತು ಯಾವುದಾಗಿತ್ತೋ ಅದರಿಂದಲೇ ಹುಟ್ಟಿದ ಮಾತನ್ನು ತಾಯಂದಿರು ಈಗ ಅಂಗಡಿಯಲ್ಲಿ ಹಣ ಕೊಟ್ಟು ಕೊಂಡು ತಂದು ಮಗಳಿಗೆ ಮುದ್ದಿನಿಂದ ತೊಡಿಸುವಂತಾಯಿತು. ಮಾತುಗಳ ಚರಿತ್ರೆಯಲ್ಲಿ ಇಂಥ ಪಾಪವಿಮೋಚನೆ ಅಪರೂಪ.

ಇತರ ಭಾಷೆಗಳವರು ಇದೇ ಉಡುಪಿಗೆ ಏನೆನ್ನುತ್ತಾರೆಂದು ವಿಚಾರಿಸಿದರೆ ವಿನೋದವೂ ಆಗುತ್ತದೆ, ವಿವೇಕವೂ ಬರುತ್ತದೆ. ಜರ್ಮನರು ಇದನ್ನು ‘ಷ್ಟ್ರಾಂಪ್ಲರ್’ ಎನ್ನುತ್ತಾರೆ. ಕಾಲು ಬಡಿಯುವುದು ಎಂಬ ಕ್ರಿಯೆಯಿಂದ ಬಂದುದು. ಸ್ವೀಡನ್ನಿನವರ ಹೆಸರಿಗೂ ‘ಒದೆಯುವ ಉಡುಪು’ ಎಂದೇ ಅರ್ಥ. ಫ್ರೆಂಚರು ‘ಬಾರ್ಬೊತಜ್’ ಎನ್ನುತ್ತಾರೆ. ಬಾತುಕೋಳಿಯಂತೆ ನೀರುಕೆಸರುಗಳಲ್ಲಿ ಪಚಪಚನೆ ಆಡುವವಳು ಎಂದು ಅದರ ತಾತ್ಪರ್ಯ. ಇಷ್ಟು ಹೆಸರುಗಳೂ ಮಗು ಮಾಡುವ ಕೆಲಸವನ್ನು ಹೇಳುತ್ತವೆ.

ಇನ್ನು ಕೆಲವು ಹೆಸರುಗಳ ಜಾತಿಯೇ ಬೇರೆ. ಸ್ಪೇನಿನವರ ‘ಪೆಲೇಲೆ’ ಎಂದರೆ ಹುಲ್ಲು ತುಂಬಿದ ಗೊಂಬೆ. ನಾಲ್ವರು ಹೆಂಗಸರು ಕಂಬಳಿಯೊಂದನ್ನು ಹಿಡಿದು ಅಂಥ ಗೊಂಬೆಯನ್ನು ಮೇಲಕ್ಕೆ ಚಿಮ್ಮಿಸುತ್ತಿರುವ ಚಿತ್ರವನ್ನು ಗೋಯ ಎಂಬ ಪ್ರಸಿದ್ಧ ಚಿತ್ರಕಾರನು 1791–92ರಲ್ಲಿ ಬರೆದಿದ್ದಾನೆ. ಇಟಲಿಯವರು ‘ಪುಟ್ಟ ವಿದೂಷಕ’ ಎಂಬರ್ಥದ ಹೆಸರಿಟ್ಟಿದ್ದಾರೆ. ಬ್ರೆಜಿಲ್ಲಿನವರು ಒಂದೇ ತುಂಡಿನ ಉಡುಪಿಗೆ ಹೇಳುವ ಮಾತು ‘ಕೋತಿ’ ಎಂಬುದರಿಂದ ಬಂದುದು. ಸ್ಪ್ಯಾನಿಷ್ ಆಡುವ ಅಮೆರಿಕದ ಹಲವು ನಾಡುಗಳಲ್ಲಿ ‘ಮಾಮೆಲೂಕೊ’ ಎಂಬ ಹೆಸರುಂಟು. ಈಜಿಪ್ಟಿನ ಮಾಮ್ಲೂಕ ಸೈನಿಕರ ಹೆಸರೇ ಅದು, ಅರಬ್ಬಿಯಲ್ಲಿ ಅದರ ಮೂಲಾರ್ಥ ‘ಒಡೆಯನ ಸೊತ್ತಾದವನು’. ಗೊಂಬೆ, ವಿದೂಷಕ, ಕೋತಿ, ಸೊತ್ತು: ಇವೆಲ್ಲ ನೋಡುವವರ ಕಣ್ಣಿನಿಂದ ಇಟ್ಟ ಹೆಸರುಗಳು. ಇಲ್ಲಿ ಮಗು ಏನನ್ನೂ ಮಾಡುತ್ತಿಲ್ಲ. ದೊಡ್ಡವರಿಗೆ ಹೇಗೆ ಕಾಣುತ್ತದೆಯೋ ಅದಾಗಿದೆ. ಇಟ್ಟವರು ಪ್ರೀತಿಯಿಂದಲೇ ಇಟ್ಟರೆಂಬುದರಲ್ಲಿ ಸಂದೇಹವಿಲ್ಲ. ಆದರೂ ಮಗುವನ್ನು ಕರ್ತೃವೆಂದು ಎಣಿಸುವುದಕ್ಕೂ ಕರ್ಮವೆಂದು ಎಣಿಸುವುದಕ್ಕೂ ಭೇದವಿದೆ. ವ್ಯಾಕರಣದಲ್ಲಿ ಎಷ್ಟೋ ಮನೆಯಲ್ಲಿಯೂ ಅಷ್ಟೇ.

ನಮ್ಮ ಹಿರಿಯರು ಈ ಭೇದವನ್ನು ತಿಳಿಯದವರಲ್ಲ. ಅಮರಕೋಶದಲ್ಲಿ ಎಳೆಗೂಸಿಗೆ ಹೇಳಿರುವ ಹೆಸರುಗಳನ್ನು ನೋಡಿ. ಅಂಗಾತವಾಗಿ ಮಲಗುವುದು ಉತ್ತಾನಶಯ, ಮೊಲೆಯುಣ್ಣುವುದು ಸ್ತನಂಧಯ. ಮಗುವಿಗೆ ಆಗ ಏನು ಸಾಧ್ಯವೋ ಅದೇ ಅದರ ಹೆಸರು. ಉಡುಪಿನ ವಿಷಯದಲ್ಲಿಯೂ ಅವರು ಕೂಸಿನ ಕೈಕಾಲುಗಳನ್ನು ಕಟ್ಟಿಹಾಕಲಿಲ್ಲ. ಚಳಿಗೆ ಒಂದು ಕುಂಚಿಗೆ, ಹಬ್ಬಕ್ಕೊಂದು ಅಂಗಿ. ಉಳಿದ ದಿನಗಳಲ್ಲಿ ಅಂಬೆಗಾಲಿಡುವ ಮಗುವಿನ ಸಂಪೂರ್ಣ ಉಡುಗೆ ಉಡುದಾರವೊಂದೇ. ಅದಕ್ಕಿಂತ ಹಗುರವಾದ ರಾಂಪರನ್ನು ಯಾವ ದೇಶದ ದರ್ಜಿಯೂ ಇನ್ನೂ ಹೊಲಿದಿಲ್ಲ. ಕಷ್ಟವೆಲ್ಲ ಉಡುದಾರದ ಕಾಲ ಮುಗಿದ ಮೇಲೆ, ಅದೂ ಹೆಣ್ಣುಮಕ್ಕಳಿಗೆ, ಆರಂಭವಾಗುತ್ತಿತ್ತು.

ರಾಂಪರ್ ಎಂಬ ಮಾತು ಅಲ್ಲಿಗೇ ನಿಲ್ಲಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನದಾಳಿಯ ಕೂಗು ಕೇಳಿದೊಡನೆ ಥಟ್ಟನೆ ತೊಟ್ಟುಕೊಳ್ಳುವುದಕ್ಕೆ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಒಂದೇ ತುಂಡಿನ ಉಡುಪನ್ನು ಬಳಸುತ್ತಿದ್ದನು. ಅದನ್ನು ತನ್ನ ರಾಂಪರ್ ಎಂದು ತಾನೇ ಹಾಸ್ಯಮಾಡುತ್ತಿದ್ದನು. ಮುಂದೆ ಬೆಳೆದ ಹೆಂಗಸರ ಉಡುಪಿಗೂ ಈ ಹೆಸರು ಬಂತು. 2017ರಲ್ಲಿ ಅಮೆರಿಕದ ಕೆಲವು ತರುಣರು ಗಂಡಸರಿಗೂ ರಾಂಪರ್ ಹೊಲಿಸಿ ಮಾರಹೊರಟು ಜಗತ್ತನ್ನೆಲ್ಲ ನಗಿಸಿದರು. ಇವೆಲ್ಲ ವಿನೋದದ ಮಾತು. ಆದರೆ ಇದೇ ಮಾತಿಗೆ ಒಂದು ಕರಾಳವಾದ ಅರ್ಥವೂ ಬಂದುದನ್ನು ಹೇಳದಿರಲಾಗದು. 1953ರಿಂದ ಅಮೆರಿಕದಲ್ಲಿ ‘ರಾಂಪರ್ ರೂಮ್’ ಎಂಬ ಶಿಶುವಿಹಾರದ ದೂರದರ್ಶನ ಕಾರ್ಯಕ್ರಮವೊಂದು ನಡೆಯುತ್ತಿತ್ತು. ಬೇರೆ ದೇಶಗಳಿಗೂ ಹಬ್ಬಿತು. 1970ರ ದಶಕದಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಮತದ ಹೆಸರಿನ ಕಲಹ ನಡೆದಾಗ, ಸಶಸ್ತ್ರ ಗುಂಪಿನವರು ಮನುಷ್ಯರನ್ನು ಹಿಡಿದು ತಂದು ಹೊಡೆದು ಹಿಂಸಿಸುತ್ತಿದ್ದ ಕೋಣೆಗಳಿಗೆ ಆ ಮಕ್ಕಳ ಕಾರ್ಯಕ್ರಮದ ಹೆಸರನ್ನೇ ಇಟ್ಟರು. ಮಾತಿಗೆ ತನ್ನದಾದ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಆಡುವವರ ಮನಸ್ಸಿನಲ್ಲಿರುವುದೇ ಅದಕ್ಕೆ ಹತ್ತುತ್ತದೆ. ಹುಡುಗಿಯ ಬೈಗುಳವಾಗಿದ್ದುದು ಮಗುವಿನ ಅಂಗಿಯಾಗಬಲ್ಲುದು. ಮಗುವಿನ ಅಂಗಿಯಾಗಿದ್ದುದು ಸೆರೆಕೋಣೆಯೂ ಆಗಬಲ್ಲುದು.

‘ಗಂಡುಬೀರಿ’ ಎಂಬ ನಮ್ಮ ಮಾತಿಗೆ ಇನ್ನೂ ಅಂಥ ವಿಮೋಚನೆ ಬಂದಿಲ್ಲ. ಈ ಮಾತು ಮಾಡುವ ಕೆಲಸವನ್ನು ನಾವು ಕಣ್ಣಾರೆ ಕಂಡಿದ್ದೇವೆ. 1980ರ ದಶಕದ ಕೊನೆಯಲ್ಲಿ, ನಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹಳ್ಳಿಯ ಶಾಲೆಯೊಂದರಲ್ಲಿ ಎಂಟನೆಯ ತರಗತಿಯ ಒಬ್ಬಳು ಹುಡುಗಿ ಇದ್ದಳು. ಓಟದಲ್ಲಿ ಅವಳನ್ನು ಮೀರಿಸುವವರು ಹುಡುಗರಲ್ಲಿಯೂ ಒಬ್ಬಿಬ್ಬರೇ. ವಾರ್ಷಿಕೋತ್ಸವದ ಓಟದಲ್ಲಿ ಅವಳು ಉದ್ದಲಂಗದ ಅಂಚನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದಳು. ನಡುದಾರಿಯಲ್ಲಿ ಸಿಕ್ಕಿಸಿದ ಮಡಿಕೆ ಬಿಚ್ಚಿಕೊಂಡು ಕಾಲಿಗೆ ತೊಡರಿತು. ಮೊಣಕಾಲೂ ಮೊಣಕೈಯೂ ತರಚಿ ರಕ್ತ ಬಂತು. ಅವಳು ಅಳಲಿಲ್ಲ; ಎದ್ದು ಕುಂಟುತ್ತಲೇ ಗೆರೆಯನ್ನು ಮುಟ್ಟಿದಳು. ಆದರೆ ನೋಡಲು ಬಂದಿದ್ದ ಹಿರಿಯರೊಬ್ಬರು ಎಲ್ಲರಿಗೂ ಕೇಳುವಂತೆ, “ಗಂಡುಬೀರಿಗೆ ತಕ್ಕ ಶಾಸ್ತಿಯಾಯಿತು” ಎಂದರು. ಹುಡುಗರು ನಕ್ಕರು. ಮರುವರ್ಷದ ಓಟಕ್ಕೆ ಅವಳು ಹೆಸರು ಕೊಡಲಿಲ್ಲ. ಗೆಲ್ಲುವ ಗೆರೆಯಲ್ಲಿ ದಾರದ ಒಂದು ತುದಿಯನ್ನು ಹಿಡಿದು, ಬೇರೆಯವರು ಬಂದು ಮುಟ್ಟುವುದನ್ನು ನೋಡುತ್ತ ನಿಂತಿದ್ದಳು. ಮೊಣಕಾಲಿನ ಗಾಯ ಹದಿನೈದು ದಿನಗಳಲ್ಲಿ ಮಾದಿರಬೇಕು. ಅವಳ ಓಟವನ್ನು ನಿಲ್ಲಿಸಿದ್ದು ಅರ್ಧ ಬಟ್ಟೆ, ಅರ್ಧ ಮಾತು.

ಲಂಗವನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಜರಿಯಂಚಿನ ಲಂಗ ತೊಟ್ಟು, ಹೂ ಮುಡಿದು ಆರತಿಗೆ ನಿಂತ ಹೆಣ್ಣುಮಗುವಿನ ಸೊಬಗನ್ನು ಯಾರು ಅಲ್ಲಗಳೆಯಬಲ್ಲರು? ಹಬ್ಬಕ್ಕೆ ಹಬ್ಬದ ಉಡುಪಿರಲಿ. ಆದರೆ ದಿನದಿನವೂ ನೆಲದ ಮೇಲೆ ಹರಿದಾಡಬೇಕಾದ ಕೂಸಿಗೆ ನೋಟದ ಉಡುಪನ್ನೇ ತೊಡಿಸಿದರೆ ಅದು ತನ್ನ ಬಟ್ಟೆಯ ಅಂಚಿನ ಮೇಲೆ ತಾನೇ ಮೊಣಕಾಲೂರಿ ಮುಂದಕ್ಕೆ ಮುಗ್ಗರಿಸುವುದು. ಇದನ್ನು ಅರ್ಧ ಗಳಿಗೆ ಕುಳಿತು ನೋಡಿದರೆ ಯಾರಿಗಾದರೂ ತಿಳಿಯುತ್ತದೆ. ನಮ್ಮ ಮನೆಯವರೂ ಕುಳಿತು ನೋಡಿದರು. ರಾಂಪರುಗಳ ಗುಂಡಿಗಳಲ್ಲಿ ಸಡಿಲವಾಗಿದ್ದುವನ್ನು ತಾವೇ ಸೂಜಿದಾರ ತಂದು ಭದ್ರಪಡಿಸಿದರು.

ಉಡುಪಿನಲ್ಲಿ ದೋಷವಿಲ್ಲವೆಂದಲ್ಲ. ನಮ್ಮ ಸೆಕೆಗೆ ತೆಳುವಾದ ಹತ್ತಿಯದೇ ಆಗಬೇಕು; ಬೆವರು ಹೀರದ ನೂಲಿನದನ್ನು ತೊಡಿಸಿದರೆ ತೊಡೆಸಂದಿಯಲ್ಲಿ ಗುಳ್ಳೆಗಳೇಳುವುವು. ಕಾಲುಗಳ ನಡುವೆ ಬಿಚ್ಚುವ ಗುಂಡಿಗಳಿಲ್ಲದಿದ್ದರೆ ಒದ್ದೆಯಾದಾಗಲೆಲ್ಲ ಮಗುವನ್ನು ಪೂರ್ತಿ ಬತ್ತಲೆಮಾಡಬೇಕಾಗುತ್ತದೆ. ಹೆಗಲಿನಿಂದ ತೊಡೆಯವರೆಗಿನ ಉದ್ದದಲ್ಲಿ ಸ್ವಲ್ಪ ಸಡಿಲವಿರಬೇಕು. ಬಿಗಿಯಾದ ರಾಂಪರ್ ಉದ್ದಲಂಗಕ್ಕಿಂತಲೂ ಕೇಡು. ಗುಂಡಿ ಕಿತ್ತುಬಂದರೆ ಮಗು ಬಾಯಿಗೆ ಹಾಕಿಕೊಳ್ಳುವುದರಿಂದ ಅವನ್ನು ಆಗಾಗ ಎಳೆದು ನೋಡಬೇಕು. ಮಗುವು ಎರಡು ಮೂರು ವರ್ಷದ್ದಾಗಿ ಬಚ್ಚಲಿಗೆ ತಾನೇ ಹೋಗುವುದನ್ನು ಕಲಿಯುವಾಗ ಅಂಗಿ ಚಡ್ಡಿಗಳು ಬೇರೆಬೇರೆಯಾಗಿರುವುದೇ ಮೇಲು. ತಾನು ಬಿಚ್ಚಲಾರದ ಉಡುಪು ಆ ವಯಸ್ಸಿನಲ್ಲಿ ಸ್ವಾತಂತ್ರ್ಯಕ್ಕೆ ಅಡ್ಡಿಯೇ ಹೊರತು ಸಹಾಯವಲ್ಲ.

ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಕೆಲವರು ಕೇಳಬಹುದು. ಸಂಸ್ಕೃತದಿಂದ ‘ಕ್ರೀಡಾವಸನ’ ಎಂದು ಕಟ್ಟುವುದು ನಮಗೆ ಕಷ್ಟವಲ್ಲ. ಆದರೆ ತೊಟ್ಟಿಲ ಬಳಿ ನಿಂತು ಆ ಹೆಸರನ್ನು ಕೂಗುವ ತಾಯಿ ದೊರೆಯಲಾರಳು. ‘ಆಟದಂಗಿ’ ಎಂದರೆ ಸಾಕು. ರಾಂಪರ್ ಎಂದೇ ಅಂದರೂ ಕೊರತೆಯಿಲ್ಲ. ಪಾಯಿಜಾಮ, ಜುಬ್ಬ, ಕುಲಾವಿಗಳಿಗೆ ಎಡೆ ಕೊಟ್ಟ ಭಾಷೆಗೆ ಇದೊಂದು ಭಾರವಾಗದು. ಹೆಸರು ಯಾವುದಾದರೂ ಇರಲಿ, ಅದರ ಒಳಗಿನ ಕರ್ತೃವನ್ನು ಮಾತ್ರ ಮರೆಯಬಾರದು. ಮಕ್ಕಳಿಗೆ ಬಟ್ಟೆ ಕೊಳ್ಳುವಾಗ ಗೃಹಸ್ಥರು ಬಣ್ಣವನ್ನೂ ಬೆಲೆಯನ್ನೂ ನೋಡಿದ ಮೇಲೆ ಇನ್ನೊಂದನ್ನೂ ನೋಡಲಿ: ಇದನ್ನು ತೊಟ್ಟು ಈ ಮಗು ಓಡಬಲ್ಲುದೆ, ಹತ್ತಬಲ್ಲುದೆ, ಬಿದ್ದರೆ ತಾನೇ ಏಳಬಲ್ಲುದೆ? ಹಾಗೆ ಓಡುವ ಮಗು ಹೆಣ್ಣಾಗಿದ್ದರೆ, ಅದನ್ನು ಕರೆಯುವುದಕ್ಕೆ ಅದರ ಸ್ವಂತ ಹೆಸರೊಂದು ಇದ್ದೇ ಇದೆ. ಬೇರೆ ಹೆಸರು ಬೇಡ.